ಇಲ್ಲ ಎಂದೊಡನೆ ಮುಚ್ಚಿಕೊಳ್ಳುವ ಪ್ರಶ್ನೆಗಳು

ಜನವರಿ ಎಂದರೆ ಇಂಗ್ಲೆಂಡಿನ ಲೆಕ್ಕಿಗರಿಗೆ ನಿದ್ದೆಯಿಲ್ಲದ ತಿಂಗಳು. ಏಪ್ರಿಲ್ 5ಕ್ಕೆ ಮುಗಿದ ವರ್ಷದ ತೆರಿಗೆ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸಲು ಮುಂದಿನ ಜನವರಿ 31ರವರೆಗೆ ಅವಕಾಶವಿರುತ್ತದೆ. ಅವಕಾಶವಿದೆ ಎಂಬ ಕಾರಣಕ್ಕೇ ಎಲ್ಲರೂ ಜನವರಿಯಲ್ಲೇ ಬರುತ್ತಾರೆ. 2025ರ ಜನವರಿಯ ಒಂದು ರಾತ್ರಿ ಹೀಗೇ ಕೂತು, ನನ್ನ ಕಕ್ಷಿದಾರರು ಮನೆಯಿಂದಲೇ ತುಂಬಿ ಕಳಿಸಿದ ಫಾರಂಗಳನ್ನು ಎಕ್ಸೆಲ್ ಹಾಳೆಯಲ್ಲಿ ಒಂದೊಂದಾಗಿ ನೋಡುತ್ತಿದ್ದೆ. ಒಂದು ಸಾಲಿನಲ್ಲಿ ಕಣ್ಣು ನಿಂತಿತು. 'ವಿದೇಶಿ ಆದಾಯ ಇದೆಯೇ?' ಎಂಬ ಕಾಲಂನಲ್ಲಿ 'ಇಲ್ಲ' ಎಂದಿದೆ. ಅದರ ಪಕ್ಕದ ಕಾಲಂಗಳಲ್ಲಿ: ದೇಶ, ಭಾರತ. ಬಗೆ, ಎಫ್.ಡಿ. ಬಡ್ಡಿ. ಮೊತ್ತ, 2,80,000 ರೂಪಾಯಿ.

ಇಲ್ಲದ ಆದಾಯಕ್ಕೆ ಮೊತ್ತ ಎಲ್ಲಿಂದ ಬಂತು?

ಆ ಫಾರಂ ಮಾಡಿಕೊಟ್ಟವನು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ. 'ಹೌದು' ಎಂದು ಒತ್ತಿದರೆ ಕೆಳಗೆ ಆರು ಕಾಲಂ ತೆರೆದುಕೊಳ್ಳುತ್ತವೆ, 'ಇಲ್ಲ' ಎಂದರೆ ಮುಚ್ಚಿಕೊಳ್ಳುತ್ತವೆ. ಅವನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವ. "ಅವರು ಮೊದಲು 'ಹೌದು' ಅಂತ ಒತ್ತಿ ತುಂಬಿದ್ದಾರೆ ಮಾವ, ಆಮೇಲೆ 'ಇಲ್ಲ' ಅಂತ ಬದಲಾಯಿಸಿದ್ದಾರೆ. ಕಾಲಂ ಕಾಣಿಸ್ತಿಲ್ಲ ಅಷ್ಟೆ, ಬರೆದದ್ದು ಎಲ್ಲೂ ಹೋಗಿಲ್ಲ" ಎಂದ. ಕಾಣದಂತೆ ಮಾಡಲು ಒಂದು ಆಜ್ಞೆ, ಕಳಿಸದಂತೆ ಮಾಡಲು ಇನ್ನೊಂದು. ಅವನು ಮೊದಲನೆಯದನ್ನು ಮಾತ್ರ ಬರೆದಿದ್ದ. ತಪ್ಪು ಅವನದಲ್ಲ, ನಾನು ಕೇಳಿದ್ದೇ ಅಷ್ಟು. ಫಾರಂ ಉದ್ದ ಕಾಣಬಾರದು, ಜನ ಹೆದರುತ್ತಾರೆ ಎಂದಿದ್ದೆ.

ಫಾರಂ ತುಂಬಿದವರು ಇಲ್ಲಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್, ಮಲೆನಾಡಿನ ಕಡೆಯವರು. ಒಂದು ಸಣ್ಣ ಫ್ಲಾಟನ್ನು ಬಾಡಿಗೆಗೆ ಕೊಟ್ಟಿರುವುದರಿಂದ ಪ್ರತಿವರ್ಷ ವಿವರ ಸಲ್ಲಿಸಬೇಕು. ರಾತ್ರಿ ಪಾಳಿ ಮಾಡಿ ಉಳಿಸಿದ ದುಡ್ಡನ್ನು ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಠೇವಣಿ ಇಟ್ಟಿದ್ದಾರೆ. ಆ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ನಿಜ. ಆದರೆ ಬ್ರಿಟನ್ನಿನಲ್ಲಿ ನೆಲೆಸಿರುವವರು ಅದಕ್ಕೆ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟಬೇಕು. ಈ ಎರಡನೆಯ ವಾಕ್ಯವನ್ನು ಊರಿನ ಬ್ಯಾಂಕಿನವರು ಹೇಳುವುದಿಲ್ಲ. ಅದು ಅವರ ಕೆಲಸವೂ ಅಲ್ಲ.

ಈಗ ನಾನೇನು ಮಾಡಬೇಕು? 'ಇಲ್ಲ' ಎಂಬುದೇ ಅವರ ಅಂತಿಮ ಉತ್ತರ. ಉಳಿದದ್ದು ಅವರು ಹಿಂದಕ್ಕೆ ತೆಗೆದುಕೊಂಡ ಮಾತು. ಕಾಗದದ ಮೇಲೆ ಬರೆದು ಹೊಡೆದುಹಾಕಿದ್ದರೆ, ಹೊಡೆದದ್ದೂ ಓದುವವನಿಗೆ ಕಾಣುತ್ತದೆಂದು ಅವರಿಗೆ ಗೊತ್ತಿರುತ್ತಿತ್ತು. ಇಲ್ಲಿ ಅದು ಮಾಯವಾಯಿತೆಂದೇ ಅವರು ನಂಬಿದ್ದಾರೆ. ನಾನು ಓದಿದ್ದು ಬೇರೆಯವರು ಹರಿದು ಬುಟ್ಟಿಗೆ ಹಾಕಿದ ಕಾಗದವನ್ನು ಜೋಡಿಸಿ ಓದಿದಂತೆ. ಇತ್ತ, ಓದಿಬಿಟ್ಟ ಮೇಲೆ ಓದಿಲ್ಲ ಎನ್ನುವಂತಿಲ್ಲ. ಬಿಟ್ಟುಹೋದ ಆದಾಯ ಕಣ್ಣಿಗೆ ಬಿದ್ದರೆ ಕಕ್ಷಿದಾರರಿಗೆ ತಿಳಿಸಿ ಸರಿಪಡಿಸಲು ಹೇಳಬೇಕು, ಒಪ್ಪದಿದ್ದರೆ ಅವರ ಕೆಲಸ ಬಿಡಬೇಕು; ಇದು ನಮ್ಮ ವೃತ್ತಿಯ ನಿಯಮ. ಬೇಕೆಂದೇ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬಂದರೆ 2002ರ ಕಾನೂನಿನ ಪ್ರಕಾರ ಮೇಲಿನವರಿಗೆ ವರದಿ ಮಾಡಬೇಕು, ವರದಿ ಮಾಡಿದ್ದನ್ನು ಕಕ್ಷಿದಾರರಿಗೆ ಹೇಳಲೂಬಾರದು.

ಮರುದಿನ ಫೋನ್ ಮಾಡಿದೆ. ನಾಚಿಕೆಯ ಸಂಗತಿಯನ್ನು ಹೇಳಿಬಿಡುತ್ತೇನೆ: ನಾನು ಏನೂ ಗೊತ್ತಿಲ್ಲದವನಂತೆ ಮಾತು ತೆಗೆದೆ. "ಹೀಗೇ ಎಲ್ಲರನ್ನೂ ಕೇಳ್ತಾ ಇದೀನಿ, ಊರಲ್ಲಿ ಎಫ್.ಡಿ. ಗಿಫ್.ಡಿ. ಏನಾದರೂ ಇದೆಯಾ?"

ಆ ಕಡೆಯಿಂದ ಒಂದು ಕ್ಷಣವೂ ತಡವಾಗಲಿಲ್ಲ. "ಇದೆ ಸರ್. ಫಾರಂನಲ್ಲಿ ಹಾಕಿದ್ದೆ. ಆಮೇಲೆ ತೆಗೆದೆ."

"ಯಾಕೆ ತೆಗೆದಿರಿ?"

"ಎಷ್ಟು ತೆರಿಗೆ ಕಟ್ಟಿದ್ದೀರಿ ಅಂತ ಕೇಳಿತಲ್ಲ, ಅದಕ್ಕೆ ತೆರಿಗೆನೇ ಇಲ್ಲವಲ್ಲ ಅಂದುಕೊಂಡೆ. 'ಇಲ್ಲ' ಅಂತ ಒತ್ತಿ ನೋಡಿದೆ, ಎಲ್ಲ ಮುಚ್ಚಿಕೊಂಡಿತು. ಹಾಗಾದರೆ ಬೇಡ ಅಂತ ತಾನೆ ಸರ್ ಅರ್ಥ?"

ಆ ಇಡೀ ಪ್ರಕರಣದಲ್ಲಿ ಬಚ್ಚಿಟ್ಟುಕೊಂಡು ಮಾತಾಡಿದವನು ನಾನೊಬ್ಬನೇ. ಆಮೇಲೆ ಹೇಳಿದೆ, ನೀವು ತೆಗೆದದ್ದು ನನಗೆ ಕಾಣಿಸಿದೆ, ಅದಕ್ಕೇ ಫೋನ್ ಮಾಡಿದ್ದು ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇನ್ನೂ ಏನೇನು ಕಾಣತ್ತೆ ಸರ್?" ಎಂದು ಕೇಳಿದರು. ಉತ್ತರ ಕೊಡಲು ಕಷ್ಟವಾಯಿತು.

ಹಣದ ಲೆಕ್ಕ ದೊಡ್ಡದೇನಲ್ಲ. ಆಗಿನ ದರದಲ್ಲಿ ಸುಮಾರು 2,650 ಪೌಂಡ್ ಬಡ್ಡಿ. ಅವರ ಆದಾಯದ ಮಟ್ಟದಲ್ಲಿ 1,000 ಪೌಂಡ್ ಬಡ್ಡಿಗೆ ತೆರಿಗೆಯಿಲ್ಲ, ಉಳಿದದ್ದಕ್ಕೆ ಶೇಕಡಾ 20ರಂತೆ 330 ಪೌಂಡ್. ಹಿಂದಿನ ವರ್ಷಗಳದ್ದನ್ನೂ ಸೇರಿಸಿ ನಾವೇ ಮುಂದಾಗಿ ತಿಳಿಸಿ ಕಟ್ಟಿಸಿದೆವು. ನನ್ನನ್ನು ಕಾಡಿದ್ದು ಆ 330 ಪೌಂಡ್ ಅಲ್ಲ, 'ಮುಚ್ಚಿಕೊಂಡಿತು, ಹಾಗಾದರೆ ಬೇಡ ಅಂತ ತಾನೆ' ಎಂಬ ಮಾತು. ನಾನು ಮಾಡಿಸಿದ ಫಾರಂ ಬರೀ ಕೇಳುತ್ತಿರಲಿಲ್ಲ, ಒಪ್ಪಿಗೆಯನ್ನೂ ಕೊಡುತ್ತಿತ್ತು. 'ಹೌದು' ಎಂದವರಿಗೆ ಆರು ಕಾಲಂಗಳ ಕೆಲಸ, 'ಇಲ್ಲ' ಎಂದವರಿಗೆ ತಕ್ಷಣ ಬಿಡುಗಡೆ. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದವರಿಗೆ ಈ ಎರಡರಲ್ಲಿ ಯಾವುದು ಸತ್ಯದಂತೆ ಕಾಣುತ್ತದೆ?

ನಾನು ಆರ್ಟಿಕಲ್‌ಶಿಪ್ ಮಾಡುತ್ತಿದ್ದ ಕಾಲದಲ್ಲಿ, 2000ದ ದಶಕದ ಆರಂಭದಲ್ಲಿ, ಆದಾಯ ತೆರಿಗೆಗೆ 'ಸರಳ್' ಎಂಬ ಫಾರಂ ಇತ್ತು. ಕಾಗದದ್ದು. ಎಲ್ಲರಿಗೂ ಅದೇ ಪ್ರಶ್ನೆಗಳು, ಎಲ್ಲವೂ ಕಣ್ಣೆದುರಿಗೆ. ನಮ್ಮ ಆಡಿಟರ್ ಸಾಹೇಬರು ಖಾಲಿ ಕಾಲಂ ಕಂಡರೆ ಫಾರಂ ಹಿಂದಕ್ಕೆ ಎಸೆಯುತ್ತಿದ್ದರು. "ಖಾಲಿ ಬಿಟ್ಟರೆ ಮರೆತಿದ್ದೀಯ ಅಂತ. ಗೆರೆ ಎಳೆದರೆ ನೋಡಿದ್ದೀಯ ಅಂತ" ಎನ್ನುತ್ತಿದ್ದರು. ಬಂಡವಾಳ ಲಾಭದ ಕಾಲಂಗೆ ಗೆರೆ ಎಳೆಯುವಾಗ ರೈತನ ಮಗನಾದ ಮೇಷ್ಟ್ರು, "ಹೋದ ವರ್ಷ ಒಂದು ಸೈಟು ಮಾರಿದ್ದೆ, ಅದು ಬರತ್ತಾ?" ಎಂದು ಕೇಳಿದ್ದನ್ನು ನಾನು ನೋಡಿದ್ದೇನೆ. ಎಳೆದ ಗೆರೆ ಒಂದು ಸಣ್ಣ ಪ್ರಮಾಣ. ವೆಬ್ ಫಾರಂ ಆ ಗೆರೆಯನ್ನು ನಮ್ಮ ಪರವಾಗಿ ತಾನೇ ಎಳೆಯುತ್ತದೆ, ಎಲ್ಲಿ ಎಳೆಯಿತೆಂದು ನಮಗೆ ತೋರಿಸುವುದೂ ಇಲ್ಲ. ಇಪ್ಪತ್ತು ಪ್ರಶ್ನೆಗಳಿಗೆ ಬೇರೆಬೇರೆಯಾಗಿ ಹೇಳಬೇಕಾದ 'ಇಲ್ಲ'ವನ್ನು ಮೊದಲ ಪುಟದಲ್ಲೇ ಒಟ್ಟಿಗೆ ಹೇಳಿಸಿಕೊಳ್ಳುತ್ತದೆ. ಇಲ್ಲಿನ ಸರ್ಕಾರದ ಆನ್‌ಲೈನ್ ಫಾರಂ ಕೂಡ ಹೀಗೆಯೇ: ಆರಂಭದಲ್ಲಿ ಒಂದಷ್ಟು ಹೌದು-ಇಲ್ಲ, ಇಲ್ಲ ಎಂದ ಭಾಗಗಳು ಮುಂದೆ ಬರುವುದೇ ಇಲ್ಲ. (ನ್ಯಾಯವಾಗಿ ಹೇಳಬೇಕೆಂದರೆ, ಇಲ್ಲಿ ಕಾಗದದ ಫಾರಂನಲ್ಲೂ ವಿದೇಶಿ ಆದಾಯಕ್ಕೆ ಬೇರೆಯದೇ ಹಾಳೆ.)

ದ್ರೋಣರ ಮುಂದೆ ಧರ್ಮರಾಯ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸತ್ಯ. ಸತ್ತದ್ದು ಆನೆ ಎಂಬುದನ್ನೂ ಹೇಳಿದ್ದ. ನಾವು ಚಿಕ್ಕಂದಿನಿಂದ ಕೇಳಿದ ಕಥೆಯಲ್ಲಿ ಸರಿಯಾಗಿ ಆ ಪದದ ಮೇಲೆ ಕೃಷ್ಣನ ಶಂಖ ಮೊಳಗುತ್ತದೆ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಧರ್ಮರಾಯನ ರಥ ನೆಲಕ್ಕಿಳಿಯಿತು. ಶಂಖಕ್ಕೆ ಯಾರೂ ತಪ್ಪು ಹೊರಿಸಲಿಲ್ಲ. ಕಾನೂನೂ ಬಹುಮಟ್ಟಿಗೆ ಹಾಗೆಯೇ. ಸಹಿ ಅವರದು, ಆದ್ದರಿಂದ ತಪ್ಪೂ ಅವರದು. ಆದರೆ ಧರ್ಮರಾಯನಿಗೆ ತನ್ನ ಮಾತಿನ ಕೊನೆ ಕೇಳಿಸುವುದಿಲ್ಲವೆಂದು ಗೊತ್ತಿತ್ತು, ಈ ನರ್ಸ್‌ಗೆ ಗೊತ್ತಿರಲಿಲ್ಲ. ಇಲ್ಲಿ ಶಂಖ ಊದಿದವನು ನಾನು.

ಮುಚ್ಚುವುದೇ ಕೆಟ್ಟದ್ದು ಎಂದು ನಾನು ಹೇಳಲಾರೆ. ನನ್ನ ಚಿಕ್ಕಮ್ಮನಿಗೆ ಮಕ್ಕಳಿಲ್ಲ. ಯಾವುದೋ ಕಚೇರಿಯ ಕಾಗದದ ಫಾರಂನಲ್ಲಿ ಮಕ್ಕಳ ಹೆಸರು, ವಯಸ್ಸು, ವಿದ್ಯಾಭ್ಯಾಸ ಎಂದು ಆರು ಸಾಲುಗಳಿದ್ದವು. ಖಾಲಿ ಬಿಡಬಾರದೆಂದು ಗುಮಾಸ್ತ ಹೇಳಿದ್ದಕ್ಕೆ ಆಕೆ ಆರು ಸಲವೂ 'ಇಲ್ಲ' ಎಂದು ದುಂಡಗೆ ಬರೆದರು. ಪಕ್ಕದಲ್ಲಿ ಕೂತಿದ್ದ ನಾನು ಎರಡನೆಯ ಸಲಕ್ಕೇ ಮುಖ ಆ ಕಡೆ ತಿರುಗಿಸಿದೆ. ಒಮ್ಮೆ 'ಇಲ್ಲ' ಎಂದೊಡನೆ ಉಳಿದ ಸಾಲುಗಳನ್ನು ಮುಚ್ಚಿಬಿಡುವ ಫಾರಂ ಅಂದು ಇದ್ದಿದ್ದರೆ ಅದನ್ನು ಮಾಡಿದವನಿಗೆ ಕೈ ಮುಗಿಯುತ್ತಿದ್ದೆ.

ಚಿಕ್ಕಮ್ಮನ 'ಇಲ್ಲ' ಎಂದೂ ಬದಲಾಗದ್ದು, ಅವರಿಗೆ ಚೆನ್ನಾಗಿ ಗೊತ್ತಿದ್ದದ್ದು. 'ವಿದೇಶಿ ಆದಾಯ ಇಲ್ಲ' ಎಂಬುದು ಹಾಗಲ್ಲ. ಅದನ್ನು ಹೇಳಲು ವಿದೇಶ ಯಾವುದು, ಆದಾಯ ಯಾವುದು ಎಂದು ಮೊದಲು ತಿಳಿದಿರಬೇಕು. ತನ್ನ ಊರಿನ ಬ್ಯಾಂಕನ್ನು 'ವಿದೇಶ' ಎಂದುಕೊಳ್ಳಲು ನಮ್ಮಲ್ಲಿ ಯಾರಿಗೆ ಮನಸ್ಸು ಬರುತ್ತದೆ? ಅದೇ ಊರಿನ ಬ್ಯಾಂಕು ಇವರಿಗೂ ಒಂದು ಫಾರಂ ಕೊಟ್ಟಿತ್ತು. 'ಭಾರತದ ಹೊರಗೆ ತೆರಿಗೆ ನಿವಾಸಿಯೇ?' ಹೌದು ಎಂದೊಡನೆ ದೇಶದ ಹೆಸರು, ಅಲ್ಲಿನ ತೆರಿಗೆ ಸಂಖ್ಯೆಯ ಕಾಲಂಗಳು ತೆರೆದವು, ಇವರು ತುಂಬಿದರು. 2017ರಿಂದ ಎರಡೂ ದೇಶಗಳು ಇಂಥ ಖಾತೆಗಳ ವಿವರವನ್ನು ತಾವಾಗಿಯೇ ಹಂಚಿಕೊಳ್ಳುತ್ತಿವೆ. ಅಲ್ಲಿ ತೆರೆದ ಕಾಲಂ, ಇಲ್ಲಿ ಮುಚ್ಚಿದ ಕಾಲಂ. ಎರಡೂ ಒಂದು ದಿನ ಒಂದೇ ಮೇಜಿನ ಮೇಲೆ ಬಂದು ಕೂರುತ್ತವೆ. ಊರಿಗೆ ಮರಳಿ ನೆಲೆಸುವವರಿಗೆ ಇದೇ ಕಥೆ ತಿರುಗಾಮುರುಗ. ಅನಿವಾಸಿ ಎಂದಿರುವವರೆಗೆ ಭಾರತದ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ಕೊಡಬೇಕಿಲ್ಲ. ಪೂರ್ಣ ನಿವಾಸಿಯಾದ ವರ್ಷ ಇಲ್ಲಿನ ಹಳೆಯ ಖಾತೆಗಳನ್ನೂ ಹೇಳಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಖಾತೆ ಅದೇ, ಮನುಷ್ಯನೂ ಅವನೇ.

ನನ್ನ ಫಾರಂನಲ್ಲಿ ಪ್ರಶ್ನೆಯನ್ನು ಬದಲಾಯಿಸಿದೆ. 'ವಿದೇಶಿ ಆದಾಯ' ಎಂಬ ಮಾತು ತೆಗೆದು, 'ಭಾರತದಲ್ಲಾಗಲಿ ಬೇರೆಲ್ಲಾಗಲಿ ಬ್ಯಾಂಕ್ ಖಾತೆ, ಠೇವಣಿ, ಮನೆ, ಜಮೀನು ಇದೆಯೇ? ತೆರಿಗೆ ಇರಲಿ, ಇಲ್ಲದಿರಲಿ' ಎಂದು ಬರೆದೆ. ಕೊನೆಯಲ್ಲಿ ಒಂದು ಪುಟ ಸೇರಿಸಿದೆ: ನೀವು 'ಇಲ್ಲ' ಎಂದದ್ದರಿಂದ ಈ ಪ್ರಶ್ನೆಗಳನ್ನು ನಿಮಗೆ ತೋರಿಸಲಿಲ್ಲ ಎಂದು ಅಷ್ಟನ್ನೂ ಪಟ್ಟಿ ಮಾಡಿ, ಪ್ರತಿಯೊಂದರ ಪಕ್ಕ ಅವರೇ ಟಿಕ್ ಹಾಕುವಂತೆ ಮಾಡಿದೆ. ಆಡಿಟರ್ ಸಾಹೇಬರ ಗೆರೆ.

ಇಷ್ಟು ಸುಲಭ. ಕಷ್ಟವಾದದ್ದು ಅಕ್ಕನ ಮಗನ ಇನ್ನೊಂದು ಪ್ರಶ್ನೆ. "ಮುಚ್ಚಿದಾಗ ಒಳಗೆ ಬರೆದದ್ದನ್ನೂ ಅಳಿಸಿಬಿಡಲಾ ಮಾವ, ಅಥವಾ ನಿಮಗೆ ಬರಲಿ ಅಂತ ಬಿಡಲಾ?" ಬಿಟ್ಟರೆ ಇಂಥವರು ಸಿಕ್ಕಿಹಾಕಿಕೊಳ್ಳುವ ಮೊದಲೇ ಎಚ್ಚರಿಸಬಹುದು, ಅವತ್ತು ಅಳಿಸಿಹೋಗಿದ್ದರೆ ಆಕೆಗೆ ದಂಡದ ನೋಟಿಸು ಬರುವವರೆಗೆ ನನಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಬಿಡುವುದೆಂದರೆ, ಜನ ಹಿಂದಕ್ಕೆ ತೆಗೆದುಕೊಂಡ ಮಾತನ್ನು ಅವರಿಗೆ ತಿಳಿಯದಂತೆ ಕೇಳಿಸಿಕೊಳ್ಳುತ್ತಾ ಕೂರುವುದು. ಅವತ್ತು ಆದದ್ದು ಆಕಸ್ಮಿಕ, ಇನ್ನು ಮೇಲೆ ಅದು ನನ್ನ ತೀರ್ಮಾನವಾಗುತ್ತದೆ. ಮೂರು ದಿನ ಯೋಚಿಸಿ ಅಳಿಸು ಎಂದೆ. ಸರಿ ಮಾಡಿದೆನೋ ಇಲ್ಲವೋ, ಈಗಲೂ ಪೂರ್ತಿ ಖಾತ್ರಿಯಿಲ್ಲ. "ಇನ್ನೂ ಏನೇನು ಕಾಣತ್ತೆ ಸರ್?" ಎಂಬ ಪ್ರಶ್ನೆಗೆ ಏನೂ ಕಾಣುವುದಿಲ್ಲ ಎಂದು ಹೇಳುವಂತಾಗಬೇಕು ಎನ್ನಿಸಿತು, ಅಷ್ಟೆ.

ಹೊಸ ಫಾರಂ ಹೋದ ವಾರವೇ ಒಬ್ಬರು ಸಿಟ್ಟಿನಿಂದ ಫೋನ್ ಮಾಡಿದರು. "ಒಂದು ಸಲ ಇಲ್ಲ ಅಂದ ಮೇಲೆ ಕೊನೆಯಲ್ಲಿ ಮತ್ತೆ ಯಾಕ್ರೀ ಕೇಳ್ತೀರಿ? ಟಿಕ್ ಹಾಕಿ ಹಾಕಿ ಸಾಕಾಯ್ತು." ನಾನು ಕ್ಷಮೆ ಕೇಳಿದೆ. ಅವರು ಇಟ್ಟುಬಿಡುತ್ತಾರೆ ಅಂದುಕೊಂಡೆ, ಇಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಗ್ಗಿದ ದನಿಯಲ್ಲಿ ಕೇಳಿದರು: "ಅಲ್ಲಾರೀ, ದಾವಣಗೆರೆಯಲ್ಲಿ ಅಮ್ಮನ ಜೊತೆ ಒಂದು ಜಂಟಿ ಖಾತೆ ಐತಿ. ಅದೂ ಇದರಾಗ ಬರ್ತದೇನ್ರೀ?"