ಬಿಚ್ಚುವುದು, ಜೋಡಿಸುವುದು

ಆಯುಧವೊಂದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ಮತ್ತೆ ಜೋಡಿಸಿಡುವುದು ಒಳ್ಳೆಯ ಕೆಲಸವೋ ಕೆಟ್ಟ ಕೆಲಸವೋ ಎಂದು ಕೇಳಿದರೆ ಹುಡುಗಾಟದ ಪ್ರಶ್ನೆ ಎನಿಸಬಹುದು. ಬಾವಿಯ ರಾಟೆಗೆ ಎಣ್ಣೆ ಬಿಡುವವನನ್ನು ಯಾರೂ ಪಾಪಪುಣ್ಯದ ಲೆಕ್ಕ ಕೇಳುವುದಿಲ್ಲ. ಆದರೆ ರಾಟೆ ಇರುವುದು ನೀರು ಸೇದಲಿಕ್ಕೆ, ಪಿಸ್ತೂಲು ಇರುವುದು ಮನುಷ್ಯನ ಮೇಲೆ ಹಾರಿಸಲಿಕ್ಕೆ. ಹಾರಿಸುವ ಪ್ರಸಂಗ ಬಾರದಿರಲಿ ಎಂದು ಹಾರೈಸುತ್ತಲೇ, ಬಂದರೆ ಗುರಿ ತಪ್ಪದಂತೆ ಅದನ್ನು ಸಿದ್ಧವಾಗಿಡುವ ಕೈಗೆ ನಾವು ಏನೆಂದು ಹೆಸರಿಡಬೇಕು?

ಈ ಪ್ರಶ್ನೆ ನನಗೆ ಎದುರಾದದ್ದು ಲೋಹಾರಾದಲ್ಲಿ. ಉಮರ್ಗಾದ ನೆರೆಯ ಈ ಊರಿನ ಹೆಸರು ಕೇಳಿದೊಡನೆ ಮರಾಠಿ ಬಲ್ಲವರಿಗೆ ಕಮ್ಮಾರನ ನೆನಪಾಗುತ್ತದೆ. ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ ಉರ್ದು, ನಮ್ಮಂಥ ಕೆಲವು ಮನೆಗಳ ಒಳಗೆ ಕನ್ನಡ. ಚಂದ್ರಗಿರಿ ಹೊಳೆಯ ಆಚೀಚೆ ಎರಡು ಭಾಷೆಗಳಲ್ಲಿ ಬದುಕುವ ಈ ಸಂಚಿಕೆಯ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಶಾಖೆಯ ಕಾವಲಿಗೆ ಇದ್ದವರು ಸೈನ್ಯದಿಂದ ನಿವೃತ್ತರಾದ ಒಬ್ಬ ಹವಾಲ್ದಾರರು. ಎಲ್ಲರಿಗೂ ಅವರು ‘ಕಾಕಾ’. ಪಲ್ಟಣಿನಲ್ಲಿ ಅವರ ಕೆಲಸ ‘ಕೋತ್’ನಲ್ಲಿ, ಎಂದರೆ ಶಸ್ತ್ರಾಗಾರದಲ್ಲಿ. ಬ್ಯಾಂಕಿನಲ್ಲಿ ಅವರ ಕೈಗೆ ಬಂದದ್ದು 12 ಬೋರಿನ ಜೋಡುನಳಿಗೆ ಬಂದೂಕು. ಶನಿವಾರ ಗಿರಾಕಿಗಳೆಲ್ಲ ಹೋದಮೇಲೆ ಹಳೆಯ ಮರಾಠಿ ಪೇಪರು ಹಾಸಿ ಅದನ್ನು ಬಿಚ್ಚುತ್ತಿದ್ದರು. ಮುಂಗೈ ಹಿಡಿಯುವ ಮರದ ತುಂಡು, ಜೋಡುನಳಿಗೆ, ಬಟ್ಟು, ಹೀಗೆ ಮೂರೇ ಭಾಗ. ‘ಇದೇನ್ರಿ, ಮಕ್ಕಳ ಆಟಗಿ’ ಎಂದು ತಾತ್ಸಾರ ಮಾಡಿ, ತಮಗೆ ನಿಜವಾಗಿ ಪ್ರಿಯವಾಗಿದ್ದ 9 ಮಿ.ಮೀ. ಪಿಸ್ತೂಲಿನ ಕಥೆಗೆ ಇಳಿಯುತ್ತಿದ್ದರು.

ಆ ಪಿಸ್ತೂಲಿಗೂ ಒಂದು ಚರಿತ್ರೆಯಿದೆ. ಅಮೆರಿಕದ ಜಾನ್ ಬ್ರೌನಿಂಗ್ ಅದರ ರಚನೆಗೆ ಕೈಹಾಕಿ 1926ರಲ್ಲಿ ತೀರಿಕೊಂಡ. ಬೆಲ್ಜಿಯಮ್ಮಿನ ಸೈವ್ ಎಂಬಾತ ಅದನ್ನು ಮುಗಿಸಿದ. 1935ರಲ್ಲಿ ಹೊರಬಂತು. ನಮ್ಮ ಸೈನ್ಯಕ್ಕೆ ಅದನ್ನು ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ ತಯಾರಿಸಿತು. ಮ್ಯಾಗಜೀನಿನಲ್ಲಿ 13 ಗುಂಡು. ಕಾಕಾ ಅದನ್ನು ಬರಿಗೈಯಲ್ಲಿ, ಗಾಳಿಯಲ್ಲೇ ಬಿಚ್ಚಿ ತೋರಿಸುತ್ತಿದ್ದರು. ಮೊದಲು ಮ್ಯಾಗಜೀನು ಹೊರಗೆ. ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ನಳಿಗೆಯ ಹಿಂಬದಿಯ ಗೂಡಿನಲ್ಲಿ ಇಣುಕಬೇಕು, ಏಕೆಂದರೆ ಮ್ಯಾಗಜೀನು ತೆಗೆದರೂ ಅಲ್ಲೊಂದು ಗುಂಡು ಕೂತಿರಬಹುದು. ನಂತರ ಸ್ಲೈಡನ್ನು ಹಿಂದೆಯೇ ತಡೆದು ನಿಲ್ಲಿಸಿ, ಬಲಗಡೆಯಿಂದ ಒತ್ತಿದರೆ ಎಡಗಡೆ ಒಂದು ಕೀಲು ಹೊರಬರುತ್ತದೆ. ತಡೆ ಬಿಟ್ಟರೆ ಸ್ಲೈಡು ಮುಂದಕ್ಕೆ ಜಾರಿ ಕಳಚುತ್ತದೆ. ಅದರೊಳಗಿಂದ ಸ್ಪ್ರಿಂಗು, ಕೊನೆಗೆ ನಳಿಗೆ. ನಳಿಗೆಯಲ್ಲಿ ಚಿಂದಿ ಎಳೆಯುತ್ತಲೇ ಇರಬೇಕು, ಬಟ್ಟೆ ಹೋದ ಹಾಗೆಯೇ ಬೆಳ್ಳಗೆ ಬರುವವರೆಗೆ. ಜೋಡಿಸುವಾಗ ಕಡೆಗೆ ಬಿಚ್ಚಿದ್ದು ಮೊದಲು. ಸೈನ್ಯದ ಹಿಂದಿಯಲ್ಲಿ ಇದಕ್ಕೆ ‘ಖೋಲ್‌ನಾ-ಜೋಡ್‌ನಾ’ ಎನ್ನುತ್ತಾರೆ. ಪೇಪರಿನ ಮೇಲೆ ಒಂದು ತುಂಡೂ ಉಳಿಯಬಾರದು.

ಈಗ ನನ್ನ ತೊಡಕು. ಬಿಚ್ಚಿಟ್ಟ ಹೊತ್ತಿನಲ್ಲಿ ಪಿಸ್ತೂಲು ಎಲ್ಲಿದೆ? ಯವನ ಅರಸ ಮಿಲಿಂದನಿಗೆ ಭಿಕ್ಷು ನಾಗಸೇನ ಕೇಳಿದ್ದು ಇದನ್ನೇ. ನೀನು ಬಂದ ರಥ ಯಾವುದು, ಅಚ್ಚೋ, ಗಾಲಿಯೋ, ನೊಗವೋ? ಒಂದೂ ಅಲ್ಲ. ಎಲ್ಲ ಕೂಡಿದಾಗ ‘ರಥ’ ಎಂಬ ಹೆಸರು ವ್ಯವಹಾರಕ್ಕೆ ಬರುತ್ತದೆ, ಅಷ್ಟೆ. ಬಿ.ಎ. ಓದುವಾಗ ಈ ವಾದ ನನಗೆ ಬಹಳ ಹಿಡಿಸಿತ್ತು. ಆದರೆ ರಥದ ಜಾಗದಲ್ಲಿ ಪಿಸ್ತೂಲನ್ನಿಟ್ಟರೆ ಅದೇ ವಾದದ ಬಾಯಲ್ಲಿ ಬೇರೆ ಮಾತು ಬರುತ್ತದೆ. ಸ್ಪ್ರಿಂಗು ಕೊಲ್ಲಲಿಲ್ಲ, ಕೀಲು ಕೊಲ್ಲಲಿಲ್ಲ, ನಳಿಗೆ ಬರೀ ಒಂದು ಕೊಳವೆ. ಹಾಗಾದರೆ ಕೊಂದವರು ಯಾರು? ಹೆಸರೊಂದು ಕೊಂದಿತೇ?

ನಮ್ಮ ಕಾನೂನು ನಾಗಸೇನನ ಜೊತೆಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ‘ಶಸ್ತ್ರ’ದ ವ್ಯಾಖ್ಯೆಯೊಳಗೆ ಶಸ್ತ್ರದ ಬಿಡಿಭಾಗಗಳನ್ನೂ ಸೇರಿಸಿದೆ. ಮನೆಗೋ ಹೊಲಕ್ಕೋ ಅಂತಲೇ ಮಾಡಿದ ಲಾಠಿ, ಊರುಗೋಲುಗಳನ್ನು ಹೊರಗಿಟ್ಟಿದೆ. ಎಷ್ಟು ಪೆಟ್ಟು ಕೊಡಬಲ್ಲದು ಎಂಬುದಕ್ಕಿಂತ ಯಾವುದಕ್ಕೆಂದು ಮಾಡಿದ್ದು ಎಂಬುದನ್ನೇ ಕಾಯ್ದೆ ಮೊದಲು ಕೇಳುತ್ತದೆ. ಇದು ನನಗೆ ಸರಿಯೆಂದೇ ತೋರುತ್ತದೆ. ಸಾದಾ ತಿರುಪು ಹೊಲಿಗೆ ಯಂತ್ರಕ್ಕೂ ಆದೀತು. ಆದರೆ ಗುಂಡು ಗಿರಗಿರನೆ ತಿರುಗುತ್ತ ನೆಟ್ಟಗೆ ಹೋಗಲೆಂದು ಒಳಗೆ ಸುರುಳಿಗೆರೆ ಕೊರೆದ ನಳಿಗೆ ಬೇರೆ ಯಾವ ಸಂಸಾರಕ್ಕೂ ಆಗುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರುಗಳಲ್ಲಿ ಮಣ್ಣು-ಕಲ್ಲಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದು, ಆ ಭೂಕಂಪದಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು. ಸಾಸ್ತೂರು ಲೋಹಾರಾದ ಪಕ್ಕದ್ದೇ. ಆ ಗೋಡೆಗಳ ಕಲ್ಲನ್ನು ಯಾರೂ ಆಯುಧವೆನ್ನಲಿಲ್ಲ. ನೆರಳಿಗೆಂದು ಇಟ್ಟ ಕಲ್ಲು ಅದು.

ಸಾವು ಬಂದದ್ದು ಮನುಷ್ಯರ ಕೈಯಿಂದಾದರೆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ನಮ್ಮ ಈ ಸೀಮೆಯೇ ಅದಕ್ಕೆ ಸಾಕ್ಷಿ. 1948ರವರೆಗೆ ಉಸ್ಮಾನಾಬಾದ್ ಜಿಲ್ಲೆ ನಿಜಾಮನ ಹೈದರಾಬಾದಿನೊಳಗಿತ್ತು. ರಜಾಕಾರರ ನಾಯಕ ಕಾಸಿಂ ರಜ್ವಿ ಲಾತೂರಿನಲ್ಲಿ ವಕೀಲಿ ಮಾಡಿದವನು. ಅವರ ಹಾವಳಿಗೆ ಹೆದರಿ ಎಷ್ಟೋ ಮನೆಯವರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ಇದನ್ನು ನಮ್ಮಲ್ಲಿ ಈಗಲೂ ಹೇಳುತ್ತಾರೆ. ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ ಮೇಲೆ ನಡೆದದ್ದನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಾರೆ, ಇಲ್ಲವೇ ಹೇಳುವುದಿಲ್ಲ. ಭಾರತ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಊರೂರು ಅಲೆದು, ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸಲ್ಮಾನರು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ. ಒಂದು ಕಡೆಯವರ ಆಯುಧ ಕಸಿದುಕೊಂಡು, ಇನ್ನೊಂದು ಕಡೆಯವರ ಕೈಯಲ್ಲಿದ್ದುದನ್ನು ಎಷ್ಟೋ ಕಡೆ ಹಾಗೆಯೇ ಬಿಟ್ಟರೆಂದೂ ಸಮಿತಿ ಬರೆಯಿತು. ಆ ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. ಸಾರ್ವಜನಿಕರ ಕಣ್ಣಿಗೆ ಅದು ಬೀಳುವಷ್ಟರಲ್ಲಿ ದಶಕಗಳು ಕಳೆದಿದ್ದವು. ಚಿಂದಿ ಎಳೆದ ನಳಿಗೆಯಲ್ಲಿ ಮಸಿ ಉಳಿದಿರುವುದಿಲ್ಲ. ಶುಚಿ ಎಂಬ ಮಾತನ್ನು ನಾನು ಪೂರ್ತಿ ನಂಬದಿರುವುದಕ್ಕೆ ಇದೂ ಒಂದು ಕಾರಣ.

ಅಲ್ಲಿ ಯಾರನ್ನು ಕೇಳಿದ್ದರೂ ಉತ್ತರ ನಾಗಸೇನನದೇ ಬರುತ್ತಿತ್ತೆಂದು ಕಾಣುತ್ತದೆ. ನಾನು ದಾರಿ ತೋರಿಸಿದೆ, ನಾನು ಬಾಗಿಲು ಹಾಕಿಕೊಂಡೆ, ನಾನು ಹುಕುಮು ಪಾಲಿಸಿದೆ. ಎಲ್ಲರೂ ಬಿಡಿಭಾಗಗಳು.

ಬ್ಯಾಂಕಿನ ಮೇಜಿನ ಹಿಂದೆ ಕುಳಿತವನಿಗೆ ಈ ಉತ್ತರ ಅಪರಿಚಿತವಲ್ಲ. ಸೋಯಾಬೀನು ಕೈಕೊಟ್ಟ ವರ್ಷ ಬಾಕಿದಾರರಿಗೆ ನೋಟೀಸು ಹೋಗುತ್ತದೆ. ಯಾದಿ ತೆಗೆಯುವವನು ಒಬ್ಬ, ಅಚ್ಚು ಹಾಕುವವನು ಒಬ್ಬ, ಸಹಿ ಮಾಡುವವರು ಒಬ್ಬರು, ಮನೆಗೆ ಮುಟ್ಟಿಸುವವನು ಟಪಾಲಿನವನು. ನೋಟೀಸು ಕೊಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಕೊಟ್ಟ ಸಾಲ ಕೇಳಲೇಬೇಕು, ಠೇವಣಿ ಇಟ್ಟವರೂ ಬಡವರೇ. ಆದರೆ ಮರಾಠವಾಡದ ಹಳ್ಳಿಯಲ್ಲಿ ಆ ಕಾಗದ ಯಾವ ಮನೆಯಲ್ಲಿ ಯಾವ ಹೊತ್ತಿಗೆ ಹಗ್ಗವಾದೀತೆಂದು ಹೇಳಬರುವುದಿಲ್ಲ. ಅಂಥ ದಿನ ಮೇಜಿನಿಂದ ಮೇಜಿಗೆ ಒಂದೇ ಮಾತು ಓಡಾಡುತ್ತದೆ: ನನ್ನದು ಅಷ್ಟೇ ಕೆಲಸ.

ಇಲ್ಲಿ ಕಾಕಾ ಹೇಳಿಕೊಟ್ಟ ಒಂದು ಪಾಠ ನಾಗಸೇನನಿಗಿಂತಲೂ ಕಾಯ್ದೆಗಿಂತಲೂ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಬಂದೂಕನ್ನು ಮುರಿದು, ಖಾಲಿಯೆಂದು ತಾವೇ ನೋಡಿ, ನನ್ನ ಕೈಗೆ ಕೊಟ್ಟರು. ನಾನು ಸುಮ್ಮನೆ ಹಿಡಿದುಕೊಂಡೆ. ‘ಹಂಗಲ್ರಿ ಸಾಹೇಬ್ರ. ಖಾಲಿ ಅದ ಅಂತ ನಾ ಹೇಳಿದ್ದು ನನ್ನ ಕೈಯಾಗ ಇದ್ದಾಗ. ಈಗ ನಿಮ್ಮ ಕೈಯಾಗ ಅದ. ನೀವ ನೋಡ್ರಿ.’ ‘ನಿಮ್ಮ ಮಾತು ನಂಬೂದಿಲ್ಲ ಅಂದಂಗ ಆಗೂದಿಲ್ಲೇನ್ರಿ ಕಾಕಾ?’ ಎಂದೆ. ‘ನೋಡದೆ ಇದ್ದರs ನನಗ ಸಿಟ್ಟು’ ಎಂದರು. ಕೋತ್‌ನಲ್ಲಿ ಅಪ್ಪ ಮಗನಿಗೆ ಕೊಟ್ಟರೂ ಮಗ ನೋಡಿಯೇ ತೆಗೆದುಕೊಳ್ಳಬೇಕಂತೆ.

ಯೋಚಿಸಿದರೆ ಕ್ಯಾಶ್ ಕೌಂಟರಿನಲ್ಲೂ ಹೀಗೆಯೇ. ಪಕ್ಕದ ಗೆಳೆಯ ಎಣಿಸಿ ಕೊಟ್ಟ ಕಟ್ಟನ್ನು ನಾನು ಮತ್ತೆ ಎಣಿಸುತ್ತೇನೆ, ಅವನಿಗೆ ಬೇಸರವಿಲ್ಲ. ಹಣದಲ್ಲಿ ಇರುವ ಈ ಸಭ್ಯತೆ ಕಾಗದದಲ್ಲಿ ಏಕಿಲ್ಲ? ಯಾದಿಯಲ್ಲಿ ಹೆಸರು ಬಂದಿದೆ ಎಂದರೆ ನೋಟೀಸು ಎಂಬುದು ರೂಢಿ. ಬೆಳೆವಿಮೆಯ ಹಣ ಆ ಖಾತೆಗೆ ಬಂದು ಕುಳಿತಿದೆಯೋ, ಬಾಕಿದಾರ ಬದುಕಿದ್ದಾನೋ ಎಂದು ಪ್ರತಿ ಕೈಯೂ ಒಮ್ಮೆ ಗೂಡಿನೊಳಗೆ ಇಣುಕಿದರೆ ಹೆಚ್ಚೆಂದರೆ ಐದು ನಿಮಿಷ ಹೋದೀತು. ಹೊಣೆಯನ್ನು ಹತ್ತು ಜನ ಹಂಚಿಕೊಂಡರೆ ತಲೆಗೆ ಹತ್ತನೆಯ ಒಂದು ಪಾಲು ಬರುತ್ತದೆಂಬ ಲೆಕ್ಕ ಬಡ್ಡಿಗೆ ಸರಿ. ಬಂದೂಕಿಗೆ ಸರಿಹೋಗುವುದಿಲ್ಲ. ಅದು ಕೈಬದಲಾದಾಗಲೆಲ್ಲ ಇಡಿಯಾಗಿಯೇ ಹೊಸಬನ ಕೈಗೆ ಬರುತ್ತದೆ.

ಇದಕ್ಕೆ ಆಕ್ಷೇಪವೂ ಇದೆ. ಎಲ್ಲರೂ ಎಲ್ಲವನ್ನೂ ನೋಡುತ್ತ ಕುಳಿತರೆ ಕೆಲಸ ಸಾಗುವುದೆಂತು? ನಿಜ. ನೋಡಿಯೂ ಹಾರಿಸುವವರು ಇದ್ದಾರೆ ಎಂಬುದು ಇನ್ನೂ ದೊಡ್ಡ ನಿಜ. 1948ರಲ್ಲಿ ಎಷ್ಟೋ ಜನ ಚೆನ್ನಾಗಿ ನೋಡಿಕೊಂಡೇ ಹಾರಿಸಿದರು. ಕಾಕಾ ಕಲಿಸಿದ್ದು ಅಂಥವರನ್ನು ತಡೆಯುವುದಿಲ್ಲ. ನೋಡಲೇ ಇಲ್ಲ ಎನ್ನುವವರ ನೆಪವನ್ನಷ್ಟೇ ಕಸಿಯುತ್ತದೆ.

ಆಯುಧಕ್ಕೆ ಮರ್ಯಾದೆ ಕೊಡುವ ಬಗೆಯೂ ಊರಿಂದೂರಿಗೆ ಬೇರೆ. ಕೊಡಗಿನವರು ಸೆಪ್ಟೆಂಬರ್ 3ರ ಕೈಲ್‌ಪೋದ್ ಹಬ್ಬಕ್ಕೆ ಕೋವಿಯನ್ನು ತೊಳೆದು ಬೆಳಗಿ ಅದಕ್ಕೆ ತೋಕ್‌ಪೂ ಮುಡಿಸುತ್ತಾರೆ. ಮಲಯಾಳದ ಓದುಗರು ಮೇಂತೋನ್ನಿ ಎನ್ನುವ, ಗೆಡ್ಡೆಯೆಲ್ಲ ವಿಷವಾಗಿರುವ ಹೂವು ಅದು. ನಮ್ಮ ಕಡೆ ಖಂಡೇನವಮಿಗೆ ಬ್ಯಾಂಕಿನಲ್ಲಿ ನೋಟೆಣಿಸುವ ಯಂತ್ರ, ಕಂಪ್ಯೂಟರು, ತಿಜೋರಿ ಎಲ್ಲಕ್ಕೂ ಅರಿಸಿನ ಕುಂಕುಮ. ಬಂದೂಕಿನ ಸರದಿ ಬಂದಾಗ ಕಾಕಾ ತಟ್ಟೆಯನ್ನು ಕೈಯಿಂದ ತಡೆಯುತ್ತಿದ್ದರು. ಭಕ್ತಿ ಕಡಿಮೆಯಾಗಿಯಲ್ಲ. ಒದ್ದೆ ಕುಂಕುಮ ಕಬ್ಬಿಣಕ್ಕೆ ತಾಗಿದರೆ ತುಕ್ಕು ಹಿಡಿಯುತ್ತದೆ, ಹೂವೊಂದನ್ನು ಬೇಕಾದರೆ ಮರದ ಬಟ್ಟಿನ ಮೇಲೆ ಇಡಿ, ಎನ್ನುತ್ತಿದ್ದರು.