ಗುಟ್ಟೋ, ವ್ಯಾಧಿಯೋ?



ಸಂಸಾರ ಗುಟ್ಟು, ವ್ಯಾಧಿ ರಟ್ಟು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮನೆಯ ಮಾತನ್ನು ಬೀದಿಗೆ ತರಬಾರದು, ರೋಗವನ್ನಾದರೋ ಮುಚ್ಚಿಡಬಾರದು ಎಂಬದು ಅದರ ಅರ್ಥ. ಆದರೆ ಹೆಂಡತಿಯು ಗಂಡನ ಕೈಯಿಂದ ಪೆಟ್ಟು ತಿನ್ನುವ ಸಂಗತಿ ಬಂದಾಗ ಅನೇಕರು ಗಾದೆಯ ಮೊದಲಿನ ಅರ್ಧವನ್ನು ಮಾತ್ರ ಹೇಳಿ ಆಕೆಯ ಬಾಯಿ ಮುಚ್ಚಿಸುತ್ತಾರೆ. ಅದು ಸಂಸಾರವೋ ವ್ಯಾಧಿಯೋ ಎಂದು ನಾವು ಈ ಹೊತ್ತು ವಿಚಾರಿಸೋಣ.

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದೂ ಹೇಳುವದುಂಟು. ಜಗಳವಾದರೆ ಹಾಗೆಯೇ ಸರಿ. ಜಗಳದಲ್ಲಿ ಇಬ್ಬರಿಗೂ ಬಾಯಿರುತ್ತದೆ. ಒಬ್ಬನು ಗದರಿಸುತ್ತಾ ಇನ್ನೊಬ್ಬಳು ನಡುಗುತ್ತಾ ಇರುವ ಮನೆಯಲ್ಲಿ ನಡೆಯುವದು ಜಗಳವಲ್ಲ. ಆಕೆಯ ಕೂಲಿಯ ಹಣವನ್ನು ಕಸಿದುಕೊಳ್ಳುವದು, ತವರಿಗೆ ಹೋಗಗೊಡದಿರುವದು, ನೆರೆಯವಳೊಡನೆ ಮಾತಾಡಿದ್ದಕ್ಕೆ ಲೆಕ್ಕ ಕೇಳುವದು, ಮಕ್ಕಳ ಮುಂದೆ ಹೀಯಾಳಿಸುವದು, ಮನೆಯಿಂದ ದಬ್ಬುವೆನೆಂದು ಬೆದರಿಸುವದು, ಇವುಗಳಿಂದ ಮೈಮೇಲೆ ಬಾಸುಂಡೆ ಏಳುವದಿಲ್ಲ. ಆದರೂ ಪ್ರಾಣವು ದಿನೇದಿನೇ ಕುಗ್ಗಿಹೋಗುತ್ತದೆ.

ನಮ್ಮ ದೇಶದ ಕಾಯಿದೆಯು ಇದನ್ನು ಕಾಣುವದಕ್ಕೆ ಬಹುಕಾಲ ಹಿಡಿಯಿತು. ಕ್ರೈಸ್ತರಿಗೆ ಸಂಬಂಧಪಟ್ಟ 1869ರ ವಿವಾಹ ವಿಚ್ಛೇದನ ಕಾಯಿದೆಯಲ್ಲಿ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಾಗಿತ್ತು. ಹೆಂಡತಿಗಾದರೋ ಗಂಡನ ಕ್ರೂರತ್ವವೊಂದೇ ಸಾಲುತ್ತಿರಲಿಲ್ಲ. ಅದರ ಸಂಗಡ ವ್ಯಭಿಚಾರವನ್ನೂ ರುಜುವಾತುಪಡಿಸಬೇಕಾಗಿತ್ತು. ಈ ಭೇದವು 2001ರ ತಿದ್ದುಪಡಿಯಿಂದ ಹೋಯಿತು. ಬಳಿಕ 2005ರಲ್ಲಿ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ಸಂರಕ್ಷಿಸುವ ಕಾಯಿದೆಯಾಗಿ, 2006ನೇ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಇದು ಎಲ್ಲಾ ಮತಸ್ಥರಿಗೂ ಒಂದೇ. ಹೊಡೆತವನ್ನಲ್ಲದೆ ಲೈಂಗಿಕ ಹಿಂಸೆಯನ್ನೂ, ಮಾತಿನಿಂದಲೂ ಬೆದರಿಕೆಯಿಂದಲೂ ಮನಸ್ಸನ್ನು ನೋಯಿಸುವದನ್ನೂ, ಹಣಕಾಸನ್ನು ತಡೆಹಿಡಿಯುವದನ್ನೂ ಇದು ದೌರ್ಜನ್ಯವೆಂದೇ ಎಣಿಸುತ್ತದೆ.

ಈ ಕಾಯಿದೆಯ ಸಹಾಯ ಪಡೆಯಲು ಹೆಂಡತಿಯು ವಿವಾಹವನ್ನು ಮುರಿಯಬೇಕಾಗಿಲ್ಲ. ಮನೆಯು ಆಕೆಯ ಹೆಸರಿನಲ್ಲಿಲ್ಲದಿದ್ದರೂ ಅದರಲ್ಲಿ ವಾಸಿಸುವ ಹಕ್ಕು ಆಕೆಗುಂಟು. ಹಿಂಸಿಸಕೂಡದೆಂದು ಮ್ಯಾಜಿಸ್ಟ್ರೇಟರು ಆಜ್ಞೆ ಕೊಡಬಹುದು. ಅದನ್ನು ಮೀರಿದವನಿಗೆ ಒಂದು ವರುಷದ ವರೆಗೆ ಸೆರೆ, ಇಲ್ಲವೆ 20,000 ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ವಿಶ್ವಾಸಿಯು ಕೋರ್ಟಿನ ಮೆಟ್ಟಲು ಹತ್ತಬಹುದೋ ಎಂದು ಕೇಳುವವರುಂಟು. ಅಪೊಸ್ತಲನಾದ ಪೌಲನನ್ನು ನೋಡಿರಿ. ಸುವಾರ್ತೆಗೋಸ್ಕರ ಎಷ್ಟೋ ಪೆಟ್ಟುಗಳನ್ನು ತಾಳಿಕೊಂಡವನು ಆತನು. ಆದರೂ ಯೆರೂಸಲೇಮಿನಲ್ಲಿ ಸಿಪಾಯಿಗಳು ತನ್ನನ್ನು ಕೊರಡೆಗಳಿಂದ ಹೊಡೆಯುವದಕ್ಕೆ ಕಟ್ಟಿದಾಗ, ತನಗಿದ್ದ ರೋಮಿನ ಹಕ್ಕನ್ನು ಶತಾಧಿಪತಿಗೆ ತಿಳಿಸಿ ಆ ಹೊಡೆತವನ್ನು ತಪ್ಪಿಸಿಕೊಂಡನು. ಅದರಿಂದ ಆತನ ವಿಶ್ವಾಸವು ಕುಂದಿತೆಂದು ಯಾರು ಹೇಳಿಯಾರು? ಪೌಲನಿಗೆ ಸಲ್ಲುವ ನ್ಯಾಯವು ನಮ್ಮ ಸಹೋದರಿಗೆ ಸಲ್ಲದೋ?

ಹೆಂಡತಿಯು ಅಧೀನಳಾಗಿರಬೇಕೆಂದು ಎಫೆಸದವರಿಗೆ ಬರೆದ ಪತ್ರಿಕೆಯನ್ನು ಎತ್ತಿಹೇಳುವ ಗಂಡನು ಅದೇ ಅಧ್ಯಾಯವನ್ನು ಮುಂದಕ್ಕೂ ಓದಲಿ. ಕ್ರಿಸ್ತನು ಸಭೆಯನ್ನು ಪ್ರೀತಿಸಿದ ಹಾಗೆ ಹೆಂಡತಿಯನ್ನು ಪ್ರೀತಿಸಬೇಕೆಂಬ ಅಪ್ಪಣೆ ಅವನಿಗಿದೆ. ಕ್ರಿಸ್ತನು ಸಭೆಗೋಸ್ಕರ ತಾನು ಗಾಯಪಟ್ಟನೇ ಹೊರತು ಸಭೆಯನ್ನು ಗಾಯಪಡಿಸಿದನೋ? ಹೆಂಡತಿಗೆ ಮಾನ ಸಲ್ಲಿಸದವನ ಪ್ರಾರ್ಥನೆಗೆ ಅಡ್ಡಿಯುಂಟೆಂದು ಪೇತ್ರನೂ ಎಚ್ಚರಿಸಿದ್ದಾನೆ.

ಆದಕಾರಣ ಸಭೆಯ ಹಿರಿಯರೇ, ಇಂಥ ಸಹೋದರಿಯು ನಿಮ್ಮ ಬಾಗಲಿಗೆ ಬಂದರೆ ತಾಳಿಕೋ ಎಂದಷ್ಟೇ ಹೇಳಿ ಆ ಮನೆಗೇ ಕಳುಹಿಸಬೇಡಿರಿ. ಗಂಡನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಆಕೆಯನ್ನು ವಿಚಾರಿಸಬೇಡಿರಿ. ಅವನ ಎದುರಿನಲ್ಲಿ ಆಕೆ ಬಾಯಿ ಬಿಡಲಾರಳು. ನಿಮ್ಮ ಮನೆಯ ಹೆಂಗಸರು ಆಕೆಯ ಮಾತನ್ನು ಪ್ರತ್ಯೇಕವಾಗಿ ಕೇಳಲಿ. ಆಕೆಯ ಇಷ್ಟವನ್ನು ತಿಳಿದು ಸಂರಕ್ಷಣಾಧಿಕಾರಿಗೆ ಸುದ್ದಿ ಕೊಡಿರಿ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಈ ಕೆಲಸಕ್ಕೆ ನೇಮಕವಾಗಿದ್ದಾರೆ. ಅವರ ಕಚೇರಿ ಎಲ್ಲಿಯೆಂಬದನ್ನು ಅಂಗನವಾಡಿಯ ಕಾರ್ಯಕರ್ತೆಯು ತಿಳಿಸುವಳು. 181 ಎಂಬ ಸಂಖ್ಯೆಗೆ ಫೋನು ಮಾಡಿದರೂ ಸಹಾಯ ಸಿಕ್ಕುವದು. ಸ್ತ್ರೀಯರಿಗೆ ಸರಕಾರದ ಕಾನೂನು ಸೇವೆಯಿಂದ ವಕೀಲರು ಉಚಿತವಾಗಿ ದೊರೆಯುವರು. ಸದುದ್ದೇಶದಿಂದ ಸುದ್ದಿ ಕೊಟ್ಟ ನೆರೆಯವನ ಮೇಲೆ ಯಾವ ಹೊಣೆಯೂ ಬರಲಾರದೆಂದು ಕಾಯಿದೆಯಲ್ಲಿಯೇ ಬರೆದಿದೆ.

ಕಾಯಿದೆಯು ಎತ್ತಿದ ಕೈಯನ್ನು ತಡೆದೀತೇ ಹೊರತು ಕಲ್ಲಾದ ಹೃದಯವನ್ನು ಕರಗಿಸಲಾರದು. ಆ ಗಂಡನಿಗೆ ಅವನ ಪಾಪವನ್ನು ಪಾಪವೆಂದೇ ತಿಳಿಸಿ ಪಶ್ಚಾತ್ತಾಪಕ್ಕೆ ಕರೆಯುವ ಭಾರವು ನಮ್ಮೆಲ್ಲರ ಮೇಲಿರುತ್ತದೆ. ಆದರೆ ಅವನು ತಿರುಗಿಕೊಳ್ಳುವ ವರೆಗೆ ಆಕೆಯು ಪೆಟ್ಟು ತಿನ್ನುತ್ತಾ ಕಾದಿರಬೇಕೆಂದು ದೇವರು ಎಲ್ಲಿಯೂ ವಿಧಿಸಲಿಲ್ಲ. ವ್ಯಾಧಿಯನ್ನು ವ್ಯಾಧಿಯೆಂದು ಹೇಳುವ ಧೈರ್ಯವನ್ನು ಕರ್ತನು ನಮ್ಮ ಸಭೆಗಳಿಗೆ ದಯಪಾಲಿಸಲಿ. ಆಮೆನ್.