ಪುಟ್ಟ ಮನೆಯ ಪುನರ್ದರ್ಶನ

ಬಾಲ್ಯದಲ್ಲಿ ಮೆಚ್ಚಿ ಓದಿದ ಗ್ರಂಥವನ್ನು ಪ್ರೌಢವಯಸ್ಸಿನಲ್ಲಿ ಪುನಃ ಕೈಗೆತ್ತಿಕೊಳ್ಳುವವರು ಒಂದು ಅಪಾಯಕ್ಕೆ ತಮ್ಮನ್ನು ಒಡ್ಡಿಕೊಳ್ಳುತ್ತಾರೆ. ಪುಸ್ತಕವು ನೀರಸವೆಂದು ತೋರಿದರೆ ಅದು ಅಲ್ಪ ನಷ್ಟ, ವಯೋಧರ್ಮವೆಂದು ಸುಮ್ಮನಾಗಬಹುದು. ಆದರೆ ಅದು ಮೊದಲಿನಷ್ಟೇ ಮಧುರವಾಗಿದ್ದು, ಆ ಮಾಧುರ್ಯದ ಬುಡದಲ್ಲಿಯೇ ಒಂದು ಅನ್ಯಾಯವು ಕಣ್ಣಿಗೆ ಬಿದ್ದರೆ ಏನು ಮಾಡತಕ್ಕದ್ದು?

ಅಮೆರಿಕಾ ದೇಶದ ಲಾರಾ ಇಂಗಲ್ಸ್ ವೈಲ್ಡರ್ ಎಂಬಾಕೆ 1932 ರಿಂದ 1943 ರ ವರೆಗೆ ಪ್ರಕಟಿಸಿದ, ‘ಪುಟ್ಟ ಮನೆ’ಯ ಪುಸ್ತಕಗಳೆಂದು ಪ್ರಸಿದ್ಧವಾದ ಎಂಟು ಪುಸ್ತಕಗಳ ಮಾಲೆಯು ಈ ಪ್ರಶ್ನೆಗೆ ತಕ್ಕ ನಿದರ್ಶನ. 1867 ರಲ್ಲಿ ವಿಸ್ಕಾನ್ಸಿನ್ ಸೀಮೆಯಲ್ಲಿ ಹುಟ್ಟಿದ ಈಕೆ ಅರವತ್ತು ದಾಟಿದ ಮೇಲೆ, ಒಂದರಲ್ಲಿ ಪತಿಯ ಬಾಲ್ಯವನ್ನೂ ಉಳಿದವುಗಳಲ್ಲಿ ತನ್ನ ಬಾಲ್ಯ ಯೌವನಗಳನ್ನೂ ಕಥೆಯಾಗಿ ಹೇಳಿದಳು.

ಎಂಟು ವರ್ಷದ ಹುಡುಗಿಗೆ ಇವುಗಳಲ್ಲಿ ಕಾಣುವುದು ಬೆಚ್ಚನೆಯ ಒಲೆ, ತಂದೆಯ ಪಿಟೀಲು, ಹೊರಗೆ ತೋಳಗಳ ಕೂಗು, ಒಳಗೆ ನಿರ್ಭಯವಾದ ನಿದ್ರೆ. 1880-81 ರ ಘೋರ ಚಳಿಗಾಲದಲ್ಲಿ ರೈಲು ನಿಂತುಹೋಗಿ, ಆ ಸಂಸಾರವು ಒಣಹುಲ್ಲನ್ನು ಹೊಸೆದು ಸೌದೆ ಮಾಡಿ, ಗೋಧಿಯನ್ನು ಕಾಫಿಯ ಯಂತ್ರದಲ್ಲಿ ಬೀಸಿಕೊಂಡು ಬದುಕಿದುದೂ ಅವಳಿಗೆ ಒಂದು ಆಟವೇ.

ಅವಳೇ ತಾಯಿಯಾಗಿ ಓದುವಾಗ ಪಿಟೀಲಿಗಿಂತ ಗೃಹಿಣಿ ಕ್ಯಾರೊಲೈನಳ ಮೌನವು ಹೆಚ್ಚಾಗಿ ಕೇಳಿಸುತ್ತದೆ. ಗಂಡನಿಗೆ ಪಶ್ಚಿಮದ ಕನಸು. ಹೆಂಡತಿಗೆ ಪ್ರತಿಸಲವೂ ಗಂಟುಮೂಟೆ. ಈ ದಂಪತಿಗಳಿಗೆ 1875 ರಲ್ಲಿ ಒಂದು ಗಂಡುಮಗುವಾಗಿ, ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಮಾಲೆಯಲ್ಲೆಲ್ಲಿಯೂ ಆ ಮಗುವಿನ ಸುಳಿವಿಲ್ಲ. ಇದನ್ನು ತಿಳಿದ ಮೇಲೆ ಆ ಮೌನದ ತೂಕವೇ ಬೇರೆ.

ಕಠಿನವಾದುದು ಮೂರನೆಯ ಓದು. ಕಾನ್ಸಾಸಿನ ಹುಲ್ಲುಗಾವಲನ್ನು ವರ್ಣಿಸುವ 1935 ರ ಪುಸ್ತಕದಲ್ಲಿ ತಂದೆ ತನ್ನ ಕೈಯಿಂದಲೇ ಮರಗಳನ್ನು ಜೋಡಿಸಿ ಮನೆ ಕಟ್ಟುತ್ತಾನೆ. ಬಾಗಿಲಿಗೆ ಅಗುಳಿ ಹೂಡುವ ಬಗೆಯನ್ನು ಓದಿ ಮರೆತ ಮಗುವಿಲ್ಲ. ಆದರೆ ಆ ನೆಲವು ಒಸೇಜ್ ಜನರದು. ಅಲ್ಲಿ ನೆಲಸಲು ಈ ಸಂಸಾರಕ್ಕೆ ಹಕ್ಕಿರಲಿಲ್ಲ. ಆ ಪ್ರದೇಶದಲ್ಲಿ ಜನರಿಲ್ಲ, ಮೂಲನಿವಾಸಿಗಳು ಮಾತ್ರ ಇದ್ದಾರೆಂಬ ಅರ್ಥದ ಒಂದು ವಾಕ್ಯವು ಹಲವು ವರ್ಷ ಹಾಗೆಯೇ ಅಚ್ಚಾಗುತ್ತ ಬಂದಿತು. ಓದುಗರೊಬ್ಬರ ಆಕ್ಷೇಪಣೆಯ ಮೇಲೆ, ಲೇಖಕಿಯ ಒಪ್ಪಿಗೆಯಿಂದ, 1953 ರ ಮುದ್ರಣದಲ್ಲಿ ‘ಜನ’ರೆಂಬುದು ‘ವಲಸೆಗಾರ’ರೆಂದಾಯಿತು. ಒಂದು ಪದ ತಿದ್ದಿತು, ಕಥೆ ತಿದ್ದಲಿಲ್ಲ. 1954 ರಲ್ಲಿ ಆಕೆಯ ಹೆಸರಿನಲ್ಲಿ ಆರಂಭವಾದ ಪ್ರಶಸ್ತಿಯ ಹೆಸರನ್ನು ಅಮೆರಿಕಾದ ಗ್ರಂಥಾಲಯ ಸಂಘದವರು 2018 ರಲ್ಲಿ ಬದಲಾಯಿಸಿದರು.

ಅಂಥ ಪುಸ್ತಕವನ್ನು ಮಕ್ಕಳಿಂದ ದೂರವಿಡಬೇಕೆಂಬವರಿದ್ದಾರೆ. ಆ ಕಾಲವೇ ಹಾಗಿತ್ತೆಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ಇಬ್ಬರೂ ಪುಸ್ತಕವನ್ನು ಕೊನೆಯವರೆಗೆ ಓದಿದಂತಿಲ್ಲ. ಏಕೆಂದರೆ ಕೊನೆಯ ಭಾಗದಲ್ಲಿ ಒಸೇಜ್ ಜನರು ತಮ್ಮ ಕುದುರೆ, ಕೂಸುಗಳೊಡನೆ ಆ ಮನೆಯ ಬಾಗಿಲ ಮುಂದೆಯೇ ಸಾಲಾಗಿ ಹೊರಟುಹೋಗುತ್ತಾರೆ. ಸಾಲು ಮುಗಿಯುವುದೇ ಇಲ್ಲ. ಮಧ್ಯಾಹ್ನದ ಊಟ ಯಾರಿಗೂ ನೆನಪಾಗುವುದಿಲ್ಲ. ಪುಟ್ಟ ಲಾರಾ ಆ ಸಾಲಿನ ಒಂದು ಕೂಸಿನ ಕಪ್ಪು ಕಣ್ಣುಗಳನ್ನು ಕಂಡು, ಅದು ತನಗೆ ಬೇಕೆಂದು ಅಳುತ್ತಾಳೆ. ಅದು ಕರುಣೆಯೋ, ಕಂಡದ್ದೆಲ್ಲ ತನ್ನದಾಗಲೆಂಬ ಆಸೆಯೋ? ಲೇಖಕಿ ಬಿಡಿಸಿ ಹೇಳಿಲ್ಲ. ಬಹುಶಃ ಆಕೆಗೂ ತಿಳಿದಿರಲಿಲ್ಲ. ಮುಂದೆ ಲಾರಾಳ ಸಂಸಾರವೂ ಮನೆಯನ್ನು ಬಿಟ್ಟು ಹೊರಡುತ್ತದೆ. ಎಂಟರಲ್ಲಿ ಓದುವವಳಿಗೆ ಕಣ್ಣೀರು ಬರುವುದು ಆ ಎರಡನೆಯ ಪ್ರಯಾಣಕ್ಕೆ, ನಲವತ್ತರಲ್ಲಿ ಮೊದಲನೆಯದಕ್ಕೆ. ಎರಡೂ ಪುಟಗಳು ಮೊದಲಿನಿಂದಲೂ ಅಲ್ಲಿಯೇ ಇದ್ದವು. ಒಲೆಯ ಬಿಸಿ ಸುಳ್ಳಲ್ಲ. ಆ ಒಲೆ ಉರಿದದ್ದು ಪರರ ನೆಲದಲ್ಲಿ ಎಂಬುದೂ ಸುಳ್ಳಲ್ಲ.

ರಾತ್ರಿಯ ಹೊತ್ತು ತಾಯಿ ಗಟ್ಟಿಯಾಗಿ ಓದುತ್ತಿರುವಾಗ, ಅವರೆಲ್ಲ ಎಲ್ಲಿಗೆ ಹೋದರೆಂದು ಮಗು ಕೇಳುವುದು ಸಹಜ. ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಅವರು 1870 ರ ದಶಕದ ಆದಿಯಲ್ಲಿ ಈಗಿನ ಓಕ್ಲಹೋಮಾ ಸೀಮೆಗೆ ಹೋಗಬೇಕಾಯಿತು. ಅವರ ಸಂತತಿಯವರು ಇಂದಿಗೂ ಅಲ್ಲಿದ್ದಾರೆ. ಇಷ್ಟನ್ನು ಹೇಳಿ ಮುಗಿಸುವವರೆಗೆ ಪುಸ್ತಕವು ತೊಡೆಯ ಮೇಲೆ ಮಡಿಸಿಕೊಂಡಿರುತ್ತದೆ. ಅನಂತರ ಮಗು ಮುಂದಿನ ಪುಟವನ್ನು ಕೇಳುತ್ತದೆ.